9 ವರ್ಷದ ಮೇಲೆ ಊರಿಗೆ ವಾಪಸ್: ಅಪ್ಪ, ತಮ್ಮನ ಜೊತೆ ಮಾತು ಯಾವ ಕ್ರಮದಲ್ಲಿ ಶುರು ಮಾಡಬೇಕು?

ಹೊಳೆದಂಡೆ (ಪ್ರಶ್ನೆ)

ಊರು ಸಾಗರ ತಾಲೂಕು. ಮನೆಯಲ್ಲಿ ಅಪ್ಪ (74), ಅಮ್ಮ (68), ತಮ್ಮ, ಅವನ ಹೆಂಡತಿ, ಅವರ 5 ವರ್ಷದ ಮಗ. 2 ಎಕರೆ 20 ಗುಂಟೆ ಅಡಿಕೆ ತೋಟ, ಸ್ವಲ್ಪ ಗದ್ದೆ. ಪೂರ್ತಿ ನೋಡಿಕೊಳ್ಳುತ್ತಿರುವುದು ತಮ್ಮನೇ. ಅಕ್ಕನನ್ನು ಹೊಸನಗರದ ಕಡೆ ಕೊಟ್ಟಿದೆ. ನನಗೆ 41, ಪುಣೆಯಲ್ಲಿ ಕೆಲಸ. ಮದುವೆ ವಿಚಾರಕ್ಕೆ ಅಪ್ಪನ ಜೊತೆ ಮಾತು ನಿಂತು 9 ವರ್ಷ ಆಯಿತು. ಹೆಂಡತಿ ಮರಾಠಿಯವಳು, 7 ವರ್ಷದ ಮಗಳಿದ್ದಾಳೆ, ಇಬ್ಬರೂ ಇನ್ನೂ ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ. ಅಮ್ಮನ ಜೊತೆ ಫೋನ್ ಇದೆ, ಅದೂ ಅಪ್ಪ ತೋಟಕ್ಕೆ ಹೋದ ಹೊತ್ತಲ್ಲಿ. 4 ವರ್ಷದ ಹಿಂದೆ ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆದಾಗ ನಾನು ಬರಲಿಲ್ಲ. ತಮ್ಮನ ಜೊತೆ ಜಗಳವೂ ಇಲ್ಲ, ಮಾತೂ ಇಲ್ಲ.

ಮನೆಯಿಂದಲೇ ಕೆಲಸ ಮಾಡಲು ಕಂಪನಿ ಒಪ್ಪಿದೆ. ವರ್ಷದಲ್ಲಿ ಆರು ತಿಂಗಳಾದರೂ ಊರಲ್ಲಿರಬೇಕು, ಸಂಬಂಧ ಸರಿ ಮಾಡಿಕೊಳ್ಳಬೇಕು ಅಂತ ಇದೆ. ಕೇಳಬೇಕಾದ್ದು ಇಷ್ಟು:

1. ಮೊದಲು ಯಾರ ಜೊತೆ ಮಾತಾಡಬೇಕು? ಅಪ್ಪನ ಜೊತೆಯೋ, ತಮ್ಮನ ಜೊತೆಯೋ?
2. ಮೊದಲ ಸಲ ಹೆಂಡತಿ, ಮಗಳನ್ನು ಕರೆದುಕೊಂಡು ಹೋಗಬೇಕಾ?
3. ಇರುವುದು ಮನೆಯಲ್ಲೋ, ಸಾಗರದಲ್ಲಿ ಬಾಡಿಗೆ ಮನೆ ಮಾಡಿಯೋ?
4. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ, ಅಜ್ಜ ಹೋಗಿ 20 ವರ್ಷ ದಾಟಿತು. "ಮೊದಲು ವಕೀಲರ ನೋಟಿಸ್ ಕಳಿಸು, ಇಲ್ಲದಿದ್ದರೆ ಪಾಲು ಕೈತಪ್ಪುತ್ತದೆ" ಎಂದು ಸ್ನೇಹಿತರೊಬ್ಬರು ಹೇಳುತ್ತಿದ್ದಾರೆ. ನಿಜವಾ?

---

ತೋಟದಾಚೆ

ನೋಟಿಸ್ ಕಳಿಸಬೇಡಿ. ಅದರ ಕಾನೂನು ಬಲ್ಲವರು ವಿವರವಾಗಿ ಬರೆಯಲಿ. ಹಳ್ಳಿಮನೆಗೆ ರಿಜಿಸ್ಟರ್ ಪೋಸ್ಟಿನಲ್ಲಿ ನೋಟಿಸ್ ಬಂತು ಅಂದರೆ ಅದನ್ನು ಅಂಚೆಯಣ್ಣನಿಂದ ಹಿಡಿದು ಸೊಸೈಟಿ ಕಟ್ಟೆಯವರೆಗೆ ಎಲ್ಲರೂ ಓದಿದ ಹಾಗೆಯೇ. ಆಮೇಲೆ ನೀವು ಎಷ್ಟೇ ಪ್ರೀತಿಯಿಂದ ಬಂದರೂ "ಪಾಲಿಗೆ ಬಂದ" ಅನ್ನುವ ಮಾತು ಹೋಗುವುದಿಲ್ಲ.

ಇನ್ನು ಒಂದನೇ ಪ್ರಶ್ನೆ. ಮುನಿಸು ಅಪ್ಪನ ಜೊತೆ ಎಂದು ನೀವು ಬರೆದಿದ್ದೀರಿ. ನೀವೇ ಕೊಟ್ಟ ವಿವರ ನೋಡಿದರೆ ಗಟ್ಟಿ ಗಂಟು ಇರುವುದು ತಮ್ಮನ ಕಡೆ. 9 ವರ್ಷ ತೋಟ, ಅಪ್ಪನ ಸಿಟ್ಟು, ಅಮ್ಮನ ಆಸ್ಪತ್ರೆ ಮೂರನ್ನೂ ಒಬ್ಬನೇ ಹೊತ್ತಿದ್ದಾನೆ. ಅಪ್ಪನ ಮನಸ್ಸು ಮೊಮ್ಮಗಳ ಮುಖ ನೋಡಿ ಒಂದು ದಿನದಲ್ಲಿ ಕರಗಿದರೂ ಕರಗಬಹುದು. ಅವತ್ತೇ ತಮ್ಮನಿಗೆ ಹೆಚ್ಚು ನೋವಾಗುವುದು, ಏಕೆಂದರೆ ಹೋದವನಿಗೆ ಹಬ್ಬದೂಟ, ಇದ್ದವನಿಗೆ ದಿನದ ಗಂಜಿ ಎಂದು ಅವನಿಗೆ ಕಾಣುತ್ತದೆ. ಹಾಗಾಗಿ ಮೊದಲ ಫೋನ್ ತಮ್ಮನಿಗೆ. ಅಮ್ಮನ ಮೂಲಕ ಹೇಳಿಕಳಿಸುವುದು ಬೇಡ. ಅಮ್ಮ ಇಬ್ಬರ ಮಾತನ್ನೂ ಮೆತ್ತಗೆ ಮಾಡಿ ದಾಟಿಸುತ್ತಾರೆ, ಇಬ್ಬರಿಗೂ ತಪ್ಪು ಅಂದಾಜು ಸಿಗುತ್ತದೆ.

ಫೋನ್ ಮಾಡಲು ರಾತ್ರಿ ಊಟವಾದ ಮೇಲೆ, ಎಂಟೂವರೆ ಒಂಬತ್ತರ ಹೊತ್ತು ಒಳ್ಳೆಯದು. ಬೆಳಿಗ್ಗೆ ಕೆಲಸದಾಳುಗಳು ಬರುವ ಸಮಯದಲ್ಲಿ ಬೇಡ. ಐದು ನಿಮಿಷ ಸಾಕು. "ದೀಪಾವಳಿಗೆ ಮುಂಚೆ ಒಮ್ಮೆ ಬರಬೇಕು ಅಂತಿದೀನಿ. ನಿನ್ನ ಕೇಳದೆ ಬರಬಾರದು ಅನ್ನಿಸ್ತು. ಯಾವಾಗ ಬಂದ್ರೆ ನಿಂಗೆ ತೊಂದ್ರೆ ಆಗಲ್ಲ?" ಇಷ್ಟೇ ಕೇಳಿ. ಆಸ್ತಿ, ಹಳೆಯ ಜಗಳ, ಊರಲ್ಲಿ ನೆಲೆಸುವ ಯೋಜನೆ ಯಾವುದೂ ಈ ಫೋನಿನಲ್ಲಿ ಬರಬಾರದು. ಅವನು "ನೋಡಾಣ" ಎಂದು ಇಟ್ಟರೆ ಅದು ಇಲ್ಲ ಅಂದಂತೆ ಅಲ್ಲ, ಹತ್ತು ದಿನ ಬಿಟ್ಟು ಮತ್ತೆ ಮಾಡಿ.

ಯಾವಾಗ ಹೋಗಬೇಕು ಅನ್ನುವುದು ನಿಮ್ಮ ಕಡೆ ಬಹಳ ಮುಖ್ಯ. ದೊಡ್ಡಬ್ಬಕ್ಕೆ ಮೊದಲ ಸಲ ಹೋಗಬೇಡಿ. ದೀಪಾವಳಿ ಅಂದರೆ ಗೋಪೂಜೆ, ನೆಂಟರು, ಪಕ್ಕದ ಮನೆಯವರು ಎಲ್ಲ ಇರುತ್ತಾರೆ, ಅಪ್ಪನಿಗೆ ಹತ್ತು ಜನರ ಮುಂದೆ ನಿಲುವು ತೋರಿಸಬೇಕಾಗುತ್ತದೆ. ಅದಕ್ಕಿಂತ ಹದಿನೈದು ದಿನ ಮುಂಚೆ ಬರುವ ಭೂಮಿ ಹುಣ್ಣಿಮೆ ನೋಡಿ. ಅದು ಮನೆಯವರಷ್ಟೇ ಗದ್ದೆ, ತೋಟಕ್ಕೆ ಹೋಗಿ ಮಾಡುವ ಹಬ್ಬ. ಹಿಂದಿನ ರಾತ್ರಿಯಿಡೀ ಅಡುಗೆ ಕೆಲಸ ಇರುತ್ತದೆ, ಬೆಳಗಿನ ಜಾವ ಬುಟ್ಟಿ ಹೊತ್ತು ಹೊರಡಬೇಕು, ಪೂಜೆಯಾಗಿ ಅಲ್ಲೇ ಊಟ. ಕೂತು ಮುಖ ಮುಖ ನೋಡಬೇಕಾದ ಹೊತ್ತು ಕಡಿಮೆ, ಜೊತೆಯಲ್ಲಿ ಮಾಡುವ ಕೆಲಸ ಹೆಚ್ಚು. ಮುನಿದ ಮನೆಗೆ ಕಾಲಿಡಲು ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ಎರಡು ರಾತ್ರಿ ಇದ್ದು ಹೊರಡಿ. ಎಲ್ಲ ಚೆನ್ನಾಗಿ ಹೋಗುತ್ತಿದೆ ಅನ್ನಿಸಿದರೂ ಹೊರಡಿ. ಮೂರನೇ ದಿನಕ್ಕೆ ಎಲ್ಲರಿಗೂ ಒಳ್ಳೆಯ ನಡವಳಿಕೆ ಸುಸ್ತಾಗುತ್ತದೆ, ಹಳೆಯದು ಬಾಯಿಗೆ ಬರುವುದು ಆಗಲೇ.

ಎರಡನೇ ಸಲ ಸುಗ್ಗಿಯಲ್ಲಿ ಹೋಗಿ, ಡಿಸೆಂಬರ್ ಹೊತ್ತಿಗೆ, ಹತ್ತು ಹನ್ನೆರಡು ದಿನ ರಜೆ ಹಾಕಿ. ಮನೆಯಿಂದ ಕೆಲಸ ಮಾಡುತ್ತಾ ಲ್ಯಾಪ್‌ಟಾಪ್ ಹಿಡಿದು ಕೂರುವ ಹಾಗಿದ್ದರೆ ಹೋಗಲೇಬೇಡಿ. ಕೊನೆ (ಅಡಿಕೆ ಗೊನೆ) ತೆಗೆಯುವವರು ಬಂದ ದಿನ ಕೊನೆ ಹೊರಲು, ಉದುರಡಿಕೆ ಹೆಕ್ಕಲು, ಸಂಜೆ ಸುಲಿಯಲು, ಬೇಯಿಸಿದ್ದನ್ನು ಹರಡಲು ಕೈ ಬೇಕೇ ಬೇಕು. ಆಳು ಸಿಗದೆ ಒದ್ದಾಡುವ ಕಾಲ ಅದು. ಮೆಟ್ಟುಗತ್ತಿ (ಅಡಿಕೆ ಸುಲಿಯುವ ಕತ್ತಿ) ಮುಂದೆ ಅಕ್ಕಪಕ್ಕ ಕೂತು ಅಡಿಕೆ ಸುಲಿಯುವಾಗ ಕಣ್ಣು ಕೈ ಮೇಲಿರುತ್ತದೆ, ಎದುರು ಕೂತಾಗ ಬಾರದ ಮಾತು ಆಗ ತಾನಾಗಿ ಬರುತ್ತದೆ. ಯಂತ್ರದಲ್ಲಿ ಸುಲಿಯುವ ಮನೆಯಾದರೆ ಹರಡುವ, ಆರಿಸುವ ಕೆಲಸ ಇದ್ದೇ ಇರುತ್ತದೆ.

ಅಲ್ಲಿ ಎರಡು ತಪ್ಪು ಬಹಳ ಜನ ಮಾಡುತ್ತಾರೆ. ಒಂದು, ಸಲಹೆ ಕೊಡುವುದು. ಡ್ರಿಪ್ ಹಾಕಿಸು, ಕಾಳುಮೆಣಸು ಹಬ್ಬಿಸು, ಯೂಟ್ಯೂಬಿನಲ್ಲಿ ನೋಡಿದೆ ಅಂತ. ಮೊದಲ ವರ್ಷ ಒಂದೂ ಸಲಹೆ ಬೇಡ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮಿಶ್ರಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಅನ್ನುವುದು ನಿಮಗೆ ಗೊತ್ತಿದ್ದರೂ ತಮ್ಮನನ್ನೇ ಕೇಳಿ, ಅವನು ಹೇಳಿದ ಹಾಗೆ ಕಲಸಿ. ಎರಡು, ದರ ಕೇಳಿ "ಒಳ್ಳೆ ದುಡ್ಡು ಬರ್ತಿರಬೇಕಲ್ಲ" ಅನ್ನುವುದು. ಎಲೆಚುಕ್ಕಿ ರೋಗ, ಕೊಳೆರೋಗ, ಆಳಿನ ಕೂಲಿ ಎಲ್ಲ ಕಳೆದ ಮೇಲೆ ಕೈಗೆ ಬರುವುದೇ ಬೇರೆ. ಪೇಪರಿನಲ್ಲಿ ಬರುವ ಕ್ವಿಂಟಾಲ್ ದರ ನೋಡಿ ಲೆಕ್ಕ ಹಾಕುವ ಅಣ್ಣನಷ್ಟು ಕಿರಿಕಿರಿ ತೋಟ ಮಾಡುವವನಿಗೆ ಇನ್ನೊಂದಿಲ್ಲ.

ಮೂರನೇ ಪ್ರಶ್ನೆಗೆ ನೇರ ಉತ್ತರ: ಸಾಗರದಲ್ಲಿ ಬಾಡಿಗೆ ಮನೆ. ಕನಿಷ್ಠ ಮೊದಲ ಆರು ತಿಂಗಳು.

---

ಪಹಣಿ ಪುಟ

ನೋಟಿಸ್ ವಿಚಾರ ನಾನು ಬರೆಯುತ್ತೇನೆ.

"ಪಾಲು ಕೈತಪ್ಪುತ್ತದೆ" ಎಂದು ನಿಮ್ಮ ಸ್ನೇಹಿತರು ಹೆದರಿಸಿದ್ದಾರೆ, ನಿಮ್ಮ ಸ್ಥಿತಿಯಲ್ಲಿ ಅಂಥ ಆತುರ ಇಲ್ಲ. ಒಟ್ಟು ಕುಟುಂಬದ ಜಮೀನನ್ನು ಒಬ್ಬ ಸಾಗುವಳಿ ಮಾಡುತ್ತಿದ್ದರೆ ಕಾನೂನಿನ ಕಣ್ಣಲ್ಲಿ ಅದು ಎಲ್ಲರ ಪರವಾದ ಸ್ವಾಧೀನ. ವಿಭಾಗದ ದಾವೆಗೆ 12 ವರ್ಷದ ಕಾಲಮಿತಿ ಇದೆ ನಿಜ, ಅದು ಶುರುವಾಗುವುದು "ನಿನಗೆ ಇಲ್ಲಿ ಹಕ್ಕಿಲ್ಲ" ಎಂದು ಹೊರಗಿಟ್ಟದ್ದು ನಿಮಗೆ ಗೊತ್ತಾದ ದಿನದಿಂದ. ಊರಲ್ಲಿ ಇರಲಿಲ್ಲ ಅನ್ನುವುದಷ್ಟೇ ಹೊರಗಿಟ್ಟ ಹಾಗೆ ಆಗುವುದಿಲ್ಲ. ಆದರೆ ಮದುವೆ ಜಗಳದಲ್ಲಿ ಅಪ್ಪ "ಆಸ್ತಿಯಲ್ಲಿ ಕಾಸೂ ಇಲ್ಲ" ಎಂದು ಬರವಣಿಗೆಯಲ್ಲಿ ಕೊಟ್ಟಿದ್ದರೆ, ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸಿದ್ದರೆ ಲೆಕ್ಕ ಬದಲಾಗುತ್ತದೆ. ಹಾಗೇನಾದರೂ ಇದೆಯಾ ನೋಡಿಕೊಳ್ಳಿ, ಇದ್ದರೆ ಒಮ್ಮೆ ವಕೀಲರನ್ನು ಕಂಡು ದಿನಾಂಕ ಲೆಕ್ಕ ಹಾಕಿಸಿ.

ಈಗ ಮನೆಯಲ್ಲಿ ಯಾರನ್ನೂ ಕೇಳದೆ ನೀವೇ ಮಾಡಬಹುದಾದದ್ದು: ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿ ಪಹಣಿ ನೋಡಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 10ರಲ್ಲಿ ಅದು ಹೇಗೆ ಬಂತು, 11ರಲ್ಲಿ ಸಾಲ, ಋಣ ಏನಿದೆ, 12ರಲ್ಲಿ ಸಾಗುವಳಿ ಯಾರದ್ದು. 11ನೇ ಕಾಲಂನಲ್ಲಿ ಸಹಕಾರ ಸಂಘದ ಸಾಲ ಕಂಡರೆ ಗಾಬರಿ ಬೇಡ, ಬೆಳೆಸಾಲಕ್ಕೆ ಹಾಗೆ ನಮೂದಾಗುವುದು ಮಾಮೂಲಿ.

ಜಮೀನಿನ ಮೂಲ ಯಾವುದು ಅನ್ನುವುದರ ಮೇಲೆ ಯಾರಿಗೆ ಎಷ್ಟು ಅನ್ನುವುದು ನಿಂತಿದೆ. ಸಾಗರ ಗೇಣಿದಾರರ ಕಾಗೋಡು ಹೋರಾಟ ನಡೆದ ತಾಲೂಕು, ನಿಮ್ಮ ಕಡೆ ಎಷ್ಟೋ ತೋಟ, ಗದ್ದೆ ಗೇಣಿ ಜಮೀನು. ಭೂ ಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂದ ಮೇಲೆ ಫಾರಂ 7 (ಗೇಣಿದಾರರು ಜಮೀನು ತಮ್ಮ ಹೆಸರಿಗೆ ಕೇಳುವ ಅರ್ಜಿ) ಹಾಕಿ, ಭೂ ನ್ಯಾಯಮಂಡಳಿಯಿಂದ ಅಜ್ಜನ ಹೆಸರಿಗೆ ಆದದ್ದಿರಬಹುದು. ಆದೇಶದಲ್ಲಿ ಹೆಸರು ಅಜ್ಜನದೊಂದೇ ಇದ್ದರೂ ಅವರು ಕುಟುಂಬದ ಪರವಾಗಿ ಗೇಣಿ ಮಾಡುತ್ತಿದ್ದರೆ ಅದು ಕುಟುಂಬದ ಆಸ್ತಿ. ಅಜ್ಜನೇ ದುಡಿದು ಕೊಂಡದ್ದಾಗಿದ್ದು, ಉಯಿಲು ಬರೆಯದೆ ಹೋಗಿದ್ದರೆ ಅದು ಅಜ್ಜಿ ಮತ್ತು ಅವರ ಎಲ್ಲ ಮಕ್ಕಳಿಗೆ ಸಮನಾಗಿ ಹೋಗುತ್ತದೆ. ಆಗ ಅಪ್ಪನಿಗೆ ಬಂದ ಪಾಲು ಅವರ ಸ್ವಂತದ್ದು, ಅವರು ಇರುವಷ್ಟು ದಿನ ನಿಮಗಾಗಲಿ ತಮ್ಮನಿಗಾಗಲಿ ಅದರಲ್ಲಿ ಹುಟ್ಟಿನ ಹಕ್ಕಿಲ್ಲ. ನೋಟಿಸ್ ಕಳಿಸಿ ಎಲ್ಲ ಕೆಡಿಸಿಕೊಂಡ ಮೇಲೆ ಹೀಗೆಂದು ಗೊತ್ತಾದರೆ?

ಸೋದರತ್ತೆಯರು ಇದ್ದಾರಾ? ಜಮೀನು ಅಜ್ಜನೇ ಕೊಂಡದ್ದಾದರೆ ಅವರಿಗೂ ನೇರ ಪಾಲಿದೆ. ಒಟ್ಟು ಕುಟುಂಬದ ಆಸ್ತಿಯಾದರೆ ನಿಮ್ಮ ಅಕ್ಕನಿಗೆ ಮಗನಷ್ಟೇ ಹಕ್ಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 9-9-2005ರಿಂದ ಜಾರಿಗೆ ಬಂದ ತಿದ್ದುಪಡಿ ಅದು, 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. "ಅಣ್ಣ ತಮ್ಮ ಕೂತು ಮಾತಾಡಿಕೊಂಡೆವು" ಅನ್ನುವ ಒಪ್ಪಂದ ಮುರಿದು ಬೀಳುವುದೇ ಇಲ್ಲಿ, ಹೆಣ್ಣುಮಕ್ಕಳನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಅಕ್ಕ ತನ್ನ ಪಾಲು ಬಿಡುತ್ತೇನೆ ಅಂದರೆ ಅದು ಅವರ ಇಷ್ಟ, ಆಗ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ಅರಿಶಿನ ಕುಂಕುಮಕ್ಕೆ ಕರೆದು ಹಾಳೆಯ ಮೇಲೆ ಸಹಿ ಹಾಕಿಸಿಕೊಳ್ಳುವ ಕೆಲಸ ದಯವಿಟ್ಟು ನಿಮ್ಮ ಮನೆಯಲ್ಲಿ ಆಗದಿರಲಿ.

ಕ್ರಮ ಹೇಗೆ? ಮೊದಲ ವರ್ಷ ಏನೂ ಇಲ್ಲ. ಮಾತು ಸಲೀಸಾದ ಮೇಲೆ, ತಮ್ಮನ ಬಾಯಿಂದಲೇ ಬರುವ ಹಾಗೆ ಪೌತಿ ಖಾತೆಯಿಂದ (ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸುವುದು) ಶುರು ಮಾಡಿ. ಅದರಿಂದ ಹೆಚ್ಚು ಅನುಕೂಲ ಅವನಿಗೇ. ಸತ್ತವರ ಹೆಸರಲ್ಲಿ ಪಹಣಿ ಇದ್ದರೆ ಬೆಳೆಸಾಲ, ಬೆಳೆವಿಮೆ, ಪರಿಹಾರ ಎಲ್ಲಕ್ಕೂ ಅಡ್ಡಿ. ಬೇಕಾದದ್ದು ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್, ಅಫಿಡವಿಟ್. ಅರ್ಜಿ ನಾಡಕಚೇರಿಯಲ್ಲಿ. ಗ್ರಾಮ ಆಡಳಿತಾಧಿಕಾರಿ ಸ್ಥಳ ವಿಚಾರಣೆ ಮಾಡುತ್ತಾರೆ, ಆಕ್ಷೇಪಣೆಗೆ ಅವಧಿ ಕೊಟ್ಟು ಆಮೇಲೆ ಮ್ಯುಟೇಶನ್, ಅಂದರೆ ದಾಖಲೆಯಲ್ಲಿ ಹೆಸರು ಬದಲಾವಣೆ. ತಡ ಆಗುವುದು ಸಾಮಾನ್ಯವಾಗಿ ಎರಡು ಕಡೆ: ಹಳೆಯ ಸಾವು ನೋಂದಣಿಯೇ ಆಗಿರುವುದಿಲ್ಲ, ಇಲ್ಲವೇ ವಂಶವೃಕ್ಷದಲ್ಲಿ ಒಬ್ಬ ಅತ್ತೆಯ ಹೆಸರು ಬಿಟ್ಟಿರುತ್ತಾರೆ. ಬಿಟ್ಟು ಮಾಡಿಸಿದ ಖಾತೆಯನ್ನು ಅವರು ಉಪವಿಭಾಗಾಧಿಕಾರಿ ಮುಂದೆ ಪ್ರಶ್ನೆ ಮಾಡಬಹುದು. ಎಲ್ಲರ ಹೆಸರು ಜಂಟಿಯಾಗಿ ಬಂದರೆ ಯಾರ ಪಾಲೂ ಹೆಚ್ಚುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಖಾತೆ ಕಂದಾಯದ ದಾಖಲೆ, ಹಕ್ಕು ಹುಟ್ಟಿಸುವ ಪತ್ರ ಅಲ್ಲ. ಇದನ್ನು ತಮ್ಮನಿಗೆ ಮೊದಲೇ ಬಿಡಿಸಿ ಹೇಳಿದರೆ ಅರ್ಧ ಭಯ ಹೋಗುತ್ತದೆ.

ಪಾಲು ಪತ್ರ ಅದಾದ ಮೇಲಿನ ಮಾತು, ಅದೂ ಎಲ್ಲರಿಗೂ ಬೇಕಿದ್ದರೆ ಮಾತ್ರ. ಸರ್ವೆ ನಂಬರ್ ಒಡೆಯುವುದಾದರೆ 11ಇ ನಕ್ಷೆ (ಒಡೆದ ಭಾಗಗಳ ಅಳತೆ ತೋರಿಸುವ ಸರ್ವೆ ನಕ್ಷೆ) ಬೇಕು, ಅಳತೆಗೆ ಸರ್ವೆಯರ್ ಬರಬೇಕು. ಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, ಬಾಯಿಮಾತಿನ ಪಾಲು ಈಗ ನ್ಯಾಯಾಲಯದಲ್ಲಿ ನಿಲ್ಲುವುದು ಬಹಳ ಕಷ್ಟ. ತೋಟದ ಜೊತೆ ಸೊಪ್ಪಿನಬೆಟ್ಟ ಇದ್ದರೆ ಅದು ಸರ್ಕಾರದ ಜಾಗ, ನಿಮಗಿರುವುದು ಸೊಪ್ಪು, ದರಗು (ಒಣ ಎಲೆ) ತರುವ ಸವಲತ್ತು. ಅದನ್ನು ಮಾಲೀಕತ್ವ ಎಂದು ಪತ್ರದಲ್ಲಿ ಬರೆಸಬೇಡಿ.

ಮಾತು ಎಲ್ಲೋ ಕಟ್ಟಿಕೊಂಡರೆ ಕೋರ್ಟಿಗಿಂತ ಮೊದಲು ತಾಲೂಕು ಕಾನೂನು ಸೇವಾ ಸಮಿತಿ ಇದೆ. ದಾವೆ ಹಾಕುವ ಮುಂಚೆಯೇ ಲೋಕ ಅದಾಲತ್‌ಗೆ ವಿಷಯ ಒಯ್ಯಬಹುದು, ಶುಲ್ಕ ಇಲ್ಲ, ಅಲ್ಲಿ ಆದ ರಾಜಿಗೆ ಡಿಕ್ರಿಯಷ್ಟೇ ಬೆಲೆ. ಮೇಲ್ಮನವಿ ಇಲ್ಲ, ಹಾಗಾಗಿ ಸಹಿ ಹಾಕುವ ಮುಂಚೆ ಎರಡು ಸಲ ಓದಿ. ಉಚಿತ ಕಾನೂನು ಸಲಹೆಗೆ 15100ಕ್ಕೆ ಫೋನ್ ಮಾಡಿ.

---

ಹಸೆಗೋಡೆ

ಮೇಲಿನ ಇಬ್ಬರೂ ಒಳ್ಳೆಯದಾಗಿ ಬರೆದಿದ್ದೀರಿ. ಆದರೆ ಮನೆಯಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ಓಡಾಡುವ ಒಬ್ಬರ ಮಾತೇ ಬರಲಿಲ್ಲ, ತಮ್ಮನ ಹೆಂಡತಿ. ಹೊಳೆದಂಡೆಯವರೇ, ನೀವು ಆರು ತಿಂಗಳು ಬಂದಿರುತ್ತೀರಿ ಅಂದರೆ ಕೆಲಸ ಹೆಚ್ಚಾಗುವುದು ಅವರಿಗೆ. ಒಲೆ ಅವರದು, ಬಚ್ಚಲು ಅವರದು, ನಿಮ್ಮ ಹಳೆಯ ಕೋಣೆಯಲ್ಲಿ ಈಗ ಅವರ ಬಟ್ಟೆ, ಮಗನ ಪುಸ್ತಕ ಇರುತ್ತದೆ. "ನನ್ನ ರೂಮು" ಅನ್ನುವ ಪದ ಬಾಯಿಗೆ ಬಾರದಿರಲಿ. ರಾತ್ರಿ ಉಳಿಯುವುದಾದರೆ ಜಗುಲಿಯಲ್ಲಿ ಚಾಪೆ ಹಾಸಿಕೊಂಡು ಮಲಗಿ.

ಬಂದ ಮಗನಿಗೆ ಅಮ್ಮ ಕೊಟ್ಟೆ ಕಡುಬು, ಪತ್ರೊಡೆ ಅಂತ ಶುರು ಮಾಡುತ್ತಾರೆ. 68 ವರ್ಷದ ಅಮ್ಮ ಹೇಳುತ್ತಾರೆ, ರುಬ್ಬಿ, ಎಲೆ ಕೊಯ್ದು, ಪಾತ್ರೆ ತಿಕ್ಕುವುದು ಸೊಸೆ. ಮೊದಲ ದಿನವೇ "ಏನಿದೆಯೋ ಅದೇ ಸಾಕು" ಎಂದು ಹೇಳಿ, ಉಂಡ ತಟ್ಟೆ ನೀವೇ ತೊಳೆಯಿರಿ. ಅಪ್ಪ ಬೈದರೂ ತೊಳೆಯಿರಿ.

ಎರಡನೇ ಪ್ರಶ್ನೆಗೆ ತೋಟದಾಚೆಯವರು ಉತ್ತರಿಸಿಲ್ಲ. ಇಂಥ ಕಡೆ ಹೆಚ್ಚಿನವರು ಕೊಡುವ ಸಲಹೆ "ಮೊದಲು ಒಬ್ಬರೇ ಹೋಗಿ ಬನ್ನಿ" ಅಂತ. ನನ್ನ ಅಭಿಪ್ರಾಯ ಬೇರೆ. ಜಗಳ ಆದದ್ದೇ ನಿಮ್ಮ ಹೆಂಡತಿಯ ವಿಚಾರಕ್ಕೆ. ಅವರನ್ನು ಬಿಟ್ಟು ನೀವೊಬ್ಬರೇ ಹೋಗಿ ಉಂಡು ಬಂದರೆ ಆ ಮನೆಯಲ್ಲಿ ಅವರಿಗೆ ಜಾಗವಿಲ್ಲ ಅನ್ನುವುದನ್ನು ನೀವೂ ಒಪ್ಪಿದ ಹಾಗೆ. ಆಮೇಲೆ ಪ್ರತಿ ಸಲವೂ "ನೀನೊಬ್ಬನೇ ಬಾ" ಎಂದಾಗುತ್ತದೆ. ಹಾಗೆಂದು ಹೇಳದೆ ಕೇಳದೆ ಕರೆದುಕೊಂಡು ಹೋಗಿ ಅಂಗಳದಲ್ಲಿ ನಿಲ್ಲಿಸಿದರೆ ಅವರಿಗೆ ಆಗುವ ಅವಮಾನಕ್ಕೆ ನೀವೇ ಹೊಣೆ. ಮಧ್ಯದ ದಾರಿ ಇದು: ತಮ್ಮನ ಹತ್ತಿರ ಫೋನಿನಲ್ಲೇ "ನಾವು ಮೂರೂ ಜನ ಬರ್ತೀವಿ, ಸಾಗರದಲ್ಲಿ ಲಾಡ್ಜ್ ಮಾಡ್ಕೋತೀವಿ, ಮನೆಗೆ ಹಗಲು ಬಂದು ಹೋಗ್ತೀವಿ" ಎಂದು ತಿಳಿಸಿ. ಅಪ್ಪ ಬಾಗಿಲಲ್ಲಿ ಮುಖ ತಿರುಗಿಸಿದರೆ ಹೆಂಡತಿ, ಮಗಳು ಹಿಂತಿರುಗಲು ಒಂದು ಜಾಗ ಇರುತ್ತದೆ. ಬೆಳಗಿನ ಜಾವದ ಪೂಜೆಗೆ ಬಾ ಅಂದರೆ ರಾತ್ರಿಯೇ ಮನೆಯಲ್ಲಿ ಉಳಿಯಿರಿ, ಯಾರೂ ಅನ್ನದಿದ್ದರೆ ಬೇಡ.

ಮಗಳಿಗೆ ಮೂವತ್ತು ಮಾತು ಕನ್ನಡ ಕಲಿಸಿ: ಅಜ್ಜ, ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ, ಸಾಕು, ಬೇಕು, ನೀರು ಕೊಡಿ. ಮಕ್ಕಳು ಎರಡು ಗಂಟೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಳ್ಳುತ್ತವೆ, ಅದು ಚೆಂದ. ಆದರೆ "ಹೋಗು, ಅಜ್ಜನ್ನ ಕರಿ" ಎಂದು ಮಗುವನ್ನು ಸಂದೇಶಕ್ಕೆ ಕಳಿಸಬೇಡಿ. ಅಜ್ಜ ತಿರುಗಿ ನೋಡದಿದ್ದರೆ ಆ ಪೆಟ್ಟು ಮಗುವಿಗೆ.

ಏನು ಒಯ್ಯಬೇಕು? ಅಮ್ಮ, ಅಕ್ಕ, ತಮ್ಮನ ಹೆಂಡತಿ ಮೂವರಿಗೂ ಒಂದೇ ಬೆಲೆಯ ಸೀರೆ. ಒಂದೇ ಬೆಲೆ ಅನ್ನುವುದನ್ನು ಮರೆಯಬೇಡಿ, ಹೆಂಗಸರು ಸೀರೆ ಮುಟ್ಟಿದ ಕೂಡಲೇ ಬೆಲೆ ಹೇಳುತ್ತಾರೆ. ವಾಷಿಂಗ್ ಮೆಷಿನ್, ದೊಡ್ಡ ಟಿವಿ ಬೇಡ, ಕೇಳದೆ ತಂದ ಸಾಮಾನು "ನಿಮಗೆ ಇಷ್ಟೂ ಇಲ್ವಾ" ಎಂದ ಹಾಗೆ ಕೇಳಿಸುತ್ತದೆ.

ದುಡ್ಡು ಕೊಡುವುದಾದರೆ ಅಪ್ಪನ ಕೈಗೆ ಕಟ್ಟು ಇಡಬೇಡಿ. ತಮ್ಮನಿಗೆ ಹೇಳಿ ಒಂದು ನಿಗದಿತ ಖರ್ಚು ವಹಿಸಿಕೊಳ್ಳಿ. ಅಪ್ಪ, ಅಮ್ಮನ ತಿಂಗಳ ಮಾತ್ರೆ, ಅಥವಾ ಮೆಸ್ಕಾಂ ಕರೆಂಟ್ ಬಿಲ್. ಒಮ್ಮೆ ವಹಿಸಿಕೊಂಡರೆ ಒಂದು ತಿಂಗಳೂ ತಪ್ಪಬಾರದು, ಮೂರು ತಿಂಗಳು ಕಟ್ಟಿ ನಾಲ್ಕನೆಯದು ಮರೆತರೆ ಕಟ್ಟದೇ ಇದ್ದದ್ದೇ ಮೇಲಾಗಿತ್ತು. ಹೇಳದೆ ಕಟ್ಟುವುದೂ ತಪ್ಪು. ಮನೆ ನಡೆಸುವವನು ತಾನು ಎಂಬ ಮರ್ಯಾದೆ ತಮ್ಮನಿಗೆ ಉಳಿಯಬೇಕು.

ವಾರಗಿತ್ತಿಯರ ಸಂಬಂಧ ಅವರಿಬ್ಬರಿಗೇ ಬಿಡಿ. ನಿಮ್ಮ ಹೆಂಡತಿ ಅಡುಗೆಮನೆಗೆ ಹೋದರೆ "ಏನು ಮಾಡಲಿ" ಎಂದು ಕೇಳಿ, ಹೇಳಿದ್ದನ್ನಷ್ಟೇ ಮಾಡಲಿ. ಡಬ್ಬಿಗಳ ಜಾಗ ಬದಲಿಸಬಾರದು. ಅತ್ತೆ ಇಬ್ಬರನ್ನು ಹೋಲಿಸಿ ಒಬ್ಬರನ್ನು ಹೊಗಳಿದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

---

ಕಿವಿಮಾತು

ಒಂದು ವಿಷಯ ಯಾರೂ ಕೇಳಿಲ್ಲ. ಅಪ್ಪನಿಗೆ 74, ಕಿವಿ ಹೇಗಿದೆ?

ವಯಸ್ಸಿನ ಕಿವುಡು ನಿಧಾನವಾಗಿ ಬರುತ್ತದೆ. ಮೊದಲು ಹೋಗುವುದು ಮೇಲ್ದನಿ. ಸ, ಶ, ಫ, ತ, ಕ ಇಂಥ ಅಕ್ಷರಗಳು ಅಳಿಸಿಹೋಗಿ ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ಹೆಂಗಸರ, ಮಕ್ಕಳ ದನಿ ಗಂಡಸರ ದನಿಗಿಂತ ಮೊದಲೇ ಕಷ್ಟ. ಹೊರಗಿನವರಿಗೆ ಇದು ಸಿಟ್ಟಿನ ಹಾಗೆ ಕಾಣುತ್ತದೆ: ಒಂದೇ ಪದದ ಉತ್ತರ, ಜೋರು ದನಿ, ಮಾತಿನ ಮಧ್ಯೆ ಎದ್ದು ಹೋಗುವುದು, ಫೋನ್ ಕೊಟ್ಟರೆ ತಿರಸ್ಕರಿಸುವುದು. "ಮೊಮ್ಮಗಳು ಮಾತಾಡಿಸಿದರೂ ತುಟಿ ಬಿಚ್ಚಲಿಲ್ಲ" ಎಂದು ತೀರ್ಮಾನಿಸುವ ಮುಂಚೆ ಅವರಿಗೆ ಕೇಳಿಸಿತಾ ನೋಡಿ. ಟಿವಿ ಸದ್ದು ಎಷ್ಟಿಟ್ಟುಕೊಳ್ಳುತ್ತಾರೆ ಎಂದು ಅಮ್ಮನನ್ನು ಕೇಳಿದರೆ ಸುಳಿವು ಸಿಗುತ್ತದೆ.

ಅನುಮಾನವಿದ್ದರೆ ಮುಖ್ಯವಾದ ಮಾತು ಯಾವುದನ್ನೂ ಫೋನಿನಲ್ಲಿ ಆಡಬೇಡಿ. ಮೂರು ನಾಲ್ಕು ಅಡಿ ದೂರದಲ್ಲಿ ಎದುರು ಕೂತು, ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ. ಮಿಕ್ಸಿ, ಟಿವಿ, ಪಂಪ್ ಸದ್ದು ಇಲ್ಲದ ಹೊತ್ತು. ಕೂಗಬೇಡಿ, ಕೂಗಿದರೆ ಅಕ್ಷರ ಇನ್ನೂ ಒಡೆಯುತ್ತದೆ, ಜೊತೆಗೆ ನಿಮ್ಮ ಮುಖ ಸಿಟ್ಟಾದವರ ಮುಖದ ಹಾಗೆ ಆಗುತ್ತದೆ. ದನಿ ಕೀರಲಾಗದೆ ದಪ್ಪಗಿರಲಿ, ನಿಧಾನ, ಚಿಕ್ಕ ವಾಕ್ಯ. ಕೇಳಿಸಲಿಲ್ಲ ಅಂದರೆ ಅದನ್ನೇ ತಿರುಗಿಸಿ ಹೇಳದೆ ಬೇರೆ ಪದದಲ್ಲಿ ಹೇಳಿ.

ಪರೀಕ್ಷೆಗೆ ಕರೆದೊಯ್ಯುವುದು ನಿಮ್ಮ ಮೊದಲ ಭೇಟಿಯ ಕೆಲಸವಲ್ಲ, ತಮ್ಮನ ಜೊತೆ ಸೇರಿ ಆಮೇಲೆ. ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯಾ ನೋಡಿಸಿ, ಎಷ್ಟೋ ಸಲ ಅದೇ ಕಾರಣ ಆಗಿರುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಿವಿ ಮೂಗು ಗಂಟಲು ವಿಭಾಗ ಇದೆ, ಪೂರ್ತಿ ಶ್ರವಣ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಯಂತ್ರ ಕೊಟ್ಟರೆ ಮೊದಲ ವಾರ ದಿನಕ್ಕೆ ಎರಡು ಮೂರು ಗಂಟೆ, ಶಾಂತವಾದ ಕೋಣೆಯಲ್ಲಿ ಮಾತ್ರ ಹಾಕಿಸಿ, ಹಾಕುವ ಹೊತ್ತನ್ನು ನಿಧಾನ ಹೆಚ್ಚಿಸಿ. ಮೊದಲ ದಿನವೇ ಮದುವೆ ಮನೆಗೆ ಹಾಕಿಕೊಂಡು ಹೋದವರು ಮಾರನೇ ದಿನ ಡಬ್ಬಿಯಲ್ಲಿಟ್ಟರೆ ಮತ್ತೆ ತೆಗೆಯುವುದಿಲ್ಲ.

ಇನ್ನೊಂದು ಗಮನಿಸಿ. ಎರಡು ವಾರಕ್ಕಿಂತ ಹೆಚ್ಚು ಕಾಲ ತೋಟಕ್ಕೆ ಹೋಗದೆ ಕೂತಿದ್ದಾರೆ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ಸೇರುತ್ತಿಲ್ಲ ಎಂದರೆ ಅದು ಬರೀ ಮುನಿಸಲ್ಲ, ಖಿನ್ನತೆ ಇರಬಹುದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮನೆಯವರೂ ಫೋನ್ ಮಾಡಿ ಕೇಳಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

---

ಹೊಳೆದಂಡೆ

ಎಲ್ಲರಿಗೂ ತುಂಬಾ ಧನ್ಯವಾದ. ಬರಹದಲ್ಲಿ ಹೊರಗಿಟ್ಟದ್ದು ಏನೂ ಇಲ್ಲ. ಸೋದರತ್ತೆ ಇಬ್ಬರಿದ್ದಾರೆ, ಜಮೀನು ಗೇಣಿಯದ್ದೇ. ಇನ್ನೆರಡು ಕೇಳುತ್ತೇನೆ. ತಪ್ಪೊಪ್ಪಿಕೊಳ್ಳುವ ಮಾತು ಹೇಗೆ ಆಡಬೇಕು? ಮದುವೆ ತಪ್ಪು ಎಂದು ನನಗೆ ಅನ್ನಿಸಿಲ್ಲ, ಹಾಗೆ ಹೇಳಲಾರೆ. ಮತ್ತೆ, ತಮ್ಮ 9 ವರ್ಷ ಮಾಡಿದ್ದಕ್ಕೆ ಲೆಕ್ಕ ಹೇಗೆ? ದುಡ್ಡು ಅಂದರೆ ಅವನು ಖಂಡಿತ ಬೇಡ ಅನ್ನುತ್ತಾನೆ.

---

ತೋಟದಾಚೆ

ಹಸೆಗೋಡೆಯವರ ಮಾತು ಸರಿ, ಮೂರೂ ಜನ ಹೋಗಿ.

ಮದುವೆಗೆ ಕ್ಷಮೆ ಕೇಳಬೇಡಿ. ಪಕ್ಕದಲ್ಲಿ ಹೆಂಡತಿ, ಮಗಳು ಇರುವಾಗ ಆ ಮಾತು ಎಂಥದ್ದಾಗುತ್ತದೆ ಯೋಚಿಸಿ. ಬಾರದೇ ಇದ್ದದ್ದಕ್ಕೆ ಕೇಳಿ, ಅದಕ್ಕೆ ದಿನವೂ ಹೆಸರೂ ಇದೆ. "ಅಮ್ಮನ ಆಪರೇಷನ್‌ಗೆ ನಾನು ಬರ್ಬೇಕಿತ್ತು, ಬರ್ಲಿಲ್ಲ. ನೀನೊಬ್ಬನೇ ಓಡಾಡ್ದೆ. ಅದು ನನ್ನ ತಪ್ಪು." ಇದು ತಮ್ಮನಿಗೆ. ಇದರ ಬೆನ್ನಿಗೆ "ಆದ್ರೆ ಅಪ್ಪನೇ ಅವತ್ತು..." ಎಂದು ಬಂದರೆ ಮೊದಲ ಮೂರು ವಾಕ್ಯವೂ ಸತ್ತುಹೋಯಿತು. ಹೇಳಿ ಸುಮ್ಮನಾಗಿ. ಅವನು ಬೈದರೆ ಕೇಳಿಸಿಕೊಳ್ಳಿ. ಅಮ್ಮನಿಗೂ ಇದನ್ನೇ ಬೇರೆಯಾಗಿ ಹೇಳಬೇಕು, ತಮ್ಮನ ಎದುರಲ್ಲಿ ಹೇಳಿದ್ದು ಅವರಿಗೆ ಸಂದಾಯವಾಗುವುದಿಲ್ಲ.

ಅಪ್ಪನಿಗೆ ಮೊದಲ ಭೇಟಿಯಲ್ಲಿ ಕಾಲಿಗೆ ನಮಸ್ಕಾರ ಸಾಕು, ಭಾಷಣ ಬೇಡ. ಹಳೆಯದು ತೆಗೆದರೆ "ಹೌದಪ್ಪ, ನಿಂಗೆ ಆಗ ತುಂಬ ನೋವಾಗಿತ್ತು" ಎಂದಷ್ಟೇ ಹೇಳಿ. ನೋವಾದದ್ದು ನಿಜ, ನೀವು ಮಾಡಿದ್ದು ತಪ್ಪೆಂದು ಒಪ್ಪಿದ ಹಾಗೂ ಆಗುವುದಿಲ್ಲ. ಹೆಂಡತಿಯನ್ನು ಅವಳ ಎದುರೇ ಹೀಯಾಳಿಸಿದರೆ ಮಾತ್ರ "ಅಪ್ಪ, ಅವ್ಳ ಮುಂದೆ ಹೀಗನ್ಬೇಡ. ನಾವು ಹೋಗಿ ನಾಳೆ ಬರ್ತೀವಿ" ಎಂದು ಎದ್ದು ಹೊರಡಿ. ಮಾರನೇ ದಿನ ಖಂಡಿತ ಬನ್ನಿ. ಹೋಗಿದ್ದಕ್ಕಿಂತ ವಾಪಸ್ ಬಂದದ್ದು ಮುಖ್ಯ.

ಲೆಕ್ಕದ ವಿಚಾರ. ದುಡ್ಡು ಬೇಡ ಅಂತಾನೆ, ಸರಿ. ಮೊದಲ ವರ್ಷ ಲೆಕ್ಕ ಕೇಳುವುದೂ ಬೇಡ, ಕೊಡುವುದೂ ಬೇಡ. ಆದರೆ ಪಾಲಿನ ಮಾತು ಯಾವತ್ತಾದರೂ ಬಂದ ದಿನ, ನಿಮ್ಮ ಬಾಯಿಂದ ಮೊದಲು ಬರಬೇಕಾದ್ದು ಅವನು ಹಾಕಿದ್ದರ ಪಟ್ಟಿ. ಹೊಸದಾಗಿ ಇಟ್ಟ ಅಡಿಕೆ ಸಸಿ, ಬೋರ್‌ವೆಲ್, ಪಂಪು, ಪೈಪು, ಅಂಗಳದ ಕಾಂಕ್ರೀಟು, ಅಮ್ಮನ ಆಸ್ಪತ್ರೆ, ತೀರಿಸಿದ ಸಾಲ. ಸಸಿ ಫಸಲಿಗೆ ಬರಲು ಐದಾರು ವರ್ಷ, ಅಲ್ಲಿಯವರೆಗೆ ಬರೀ ಖರ್ಚು. ರಸೀದಿ ಕೇಳಬೇಡಿ. ಅವನು ಹೇಳಿದ್ದನ್ನು ಬರೆದುಕೊಳ್ಳಿ, ಅವನು ಮರೆತದ್ದನ್ನು ನೀವೇ ನೆನಪಿಸಿ ಸೇರಿಸಿ. ಅವನೇ ಹೊಸದಾಗಿ ಎಬ್ಬಿಸಿದ ಭಾಗ ಅವನ ಪಾಲಿಗೇ ಬರುವ ಹಾಗೆ ನೋಡಿ.

---

ಪಹಣಿ ಪುಟ

ಅದಕ್ಕೆ ಪಾಲು ಪತ್ರದಲ್ಲೇ ದಾರಿ ಇದೆ. ಬೆಲೆಯಲ್ಲಿ ಹೆಚ್ಚುಕಡಿಮೆ ಆದದ್ದನ್ನು ಹಣದಲ್ಲಿ ಸರಿದೂಗಿಸಿದೆ ಎಂದು ಬರೆಸಬಹುದು, ಒಬ್ಬರಿಗೆ ಹೆಚ್ಚು ಜಾಗ ಕೊಟ್ಟು ಅದರ ಕಾರಣವನ್ನೂ ಬರೆಸಬಹುದು. ಅಪ್ಪ, ಅಮ್ಮನ ಪಾಲು ಬೇರೆಯಾಗಿ ಅವರ ಹೆಸರಲ್ಲೇ ಉಳಿಯಲಿ. ಅವರು ಮುಂದೆ ಯಾರಿಗಾದರೂ ದಾನಪತ್ರ ಮಾಡುವುದಾದರೆ "ನಮ್ಮ ಪಾಲನೆ ಮಾಡತಕ್ಕದ್ದು" ಎಂಬ ಷರತ್ತು ಅದರಲ್ಲಿ ಇರಲೇಬೇಕು. ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಅಡಿ ಆ ಪತ್ರ ರದ್ದು ಮಾಡಿಸಲು ಅದೇ ಆಧಾರ.

ಗೇಣಿ ಜಮೀನು ಎಂದಿರಿ. ಭೂ ನ್ಯಾಯಮಂಡಳಿ ಆದೇಶದ ದೃಢೀಕೃತ ನಕಲನ್ನು ತಾಲೂಕು ಕಚೇರಿಯ ದಾಖಲೆ ಶಾಖೆಯಲ್ಲಿ ಕೇಳಿ ತೆಗೆಸಿ. ತಮ್ಮನ ಜೊತೆಯಲ್ಲೇ ಹೋಗಿ ತೆಗೆಸಿ, ನೀವೊಬ್ಬರೇ ಹೋದರೆ ಸುದ್ದಿ ನಿಮಗಿಂತ ಮುಂಚೆ ಮನೆ ಸೇರುತ್ತದೆ.

---

ಹಸೆಗೋಡೆ

ಭೂಮಿ ಹುಣ್ಣಿಮೆಗೆ ಹೋಗುವುದಾದರೆ ಎರಡು ದಿನ ಮುಂಚೆ ತಮ್ಮನ ಹೆಂಡತಿಗೇ ಫೋನ್ ಮಾಡಿ, "ಸಾಗರದಿಂದ ಏನು ತರ್ಲಿ" ಎಂದು ಕೇಳಿ. ಬೆರಕೆ ಸೊಪ್ಪು, ಬಾಳೆ ಎಲೆ ಮನೆಯಲ್ಲೇ ಇರುತ್ತದೆ. ತರಕಾರಿ, ಬೆಲ್ಲ, ಬುಟ್ಟಿಗೆ ಬಳಿಯಲು ಕೆಮ್ಮಣ್ಣು ಅನ್ನಬಹುದು. ಅವರು ಹೇಳಿದ್ದನ್ನು ಬರೆದುಕೊಂಡು ಅಷ್ಟನ್ನೇ ತನ್ನಿ. ಭೂಮಣ್ಣಿ ಬುಟ್ಟಿಗೆ (ಅವತ್ತು ಹೊತ್ತು ಹೊರಡುವ ಬುಟ್ಟಿಗೆ) ಚಿತ್ತಾರ ಬರೆಯುವ ಮನೆಯಾದರೆ ನಿಮ್ಮ ಮಗಳನ್ನು ಸಂಜೆ ಹೊತ್ತು ಅಜ್ಜಿಯ ಪಕ್ಕ ಕೂರಿಸಿ ಬನ್ನಿ, ಅಲ್ಲಿ ಭಾಷೆ ಬೇಕಾಗುವುದಿಲ್ಲ.